ಪಾತರಗಿತ್ತಿಯ ರೆಕ್ಕೆಗೆ ಪಗಾರ ಕಟ್ಟಬೇಡಿ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಶ್ರಮಜೀವಿಗಳಲ್ಲಿಯೂ ಸಣ್ಣ ವ್ಯಾಪಾರಿಗಳಲ್ಲಿಯೂ ಈಚೆಗೆ ಒಂದು ಹೊಸ ಮಾತು ಹಬ್ಬಿದೆ. ಕಾರ್ಖಾನೆಯ ಪಾಳಿ ಬದಲಾಗುವ ಹೊತ್ತಿಗೆ, ಚಹಾದ ಅಂಗಡಿಯ ಬಾಕಿನ ಮೇಲೆ, ಅಡತಿ ಅಂಗಡಿಯ ಗಾದಿಯ ಬಳಿ ಮೊಬೈಲು ಹಿಡಿದವರ ಬಾಯಲ್ಲಿ ಅದು ಕೇಳಿಬರುತ್ತದೆ. "ಷೇರು ಎಷ್ಟೇ ಕುಣಿಯಲಿ, ಬಟರ್‌ಫ್ಲೈ ಹಾಕಿದರೆ ಹೆದರಿಕೆ ಇಲ್ಲ. ಹೋದರೆ ಐದು ಸಾವಿರ, ಬಂದರೆ ಇಪ್ಪತ್ತನಾಲ್ಕು ಸಾವಿರ." ಈ ಮಾತಿನಲ್ಲಿ ಸುಳ್ಳಿಲ್ಲ, ಆದರೆ ಪೂರ್ಣ ಸತ್ಯವೂ ಇಲ್ಲ. ನಷ್ಟಕ್ಕೆ ಮಿತಿ ಇರುವುದು ಒಂದು ಆಟಕ್ಕೆ. ಆಡುವವನ ಬಾಳಿಗೆ ಅಲ್ಲ. ಇದನ್ನು ಲೆಕ್ಕ ಹಾಕಿ ತೋರಿಸುವುದೇ ಈ ಲೇಖನದ ಉದ್ದೇಶ.

ಬಯಾನಾ ಬಲ್ಲವರಿಗೆ ಆಪ್ಷನ್ ಹೊಸದಲ್ಲ

ನಮ್ಮ ತೊಗರಿ ವ್ಯಾಪಾರಿಗಳಿಗೆ ಬಯಾನಾ ಎಂದರೆ ಏನೆಂದು ಹೇಳಿಕೊಡಬೇಕಾಗಿಲ್ಲ. ಮುಂದಿನ ತಿಂಗಳು ಇಂಥ ದಿನ, ಕ್ವಿಂಟಲಿಗೆ ಇಂಥ ದರಕ್ಕೆ ಮಾಲು ಕೊಳ್ಳುವ ಹಕ್ಕು ತನಗಿರಲೆಂದು ವ್ಯಾಪಾರಿ ಒಂದಿಷ್ಟು ರೊಕ್ಕ ಮುಂಗಡ ಕೊಡುತ್ತಾನೆ ಎನ್ನಿ. ಪೇಟೆ ದರ ಏರಿದರೆ ಮಾಲು ಎತ್ತುತ್ತಾನೆ. ಇಳಿದರೆ ಬಯಾನಾ ಬಿಟ್ಟು ಸುಮ್ಮನಾಗುತ್ತಾನೆ. ಷೇರು ಪೇಟೆಯ ಆಪ್ಷನ್ ಎಂಬುದೂ ಇದೇ. ಕೊಳ್ಳುವ ಹಕ್ಕಿಗೆ ಕಾಲ್ ಎನ್ನುತ್ತಾರೆ, ಮಾರುವ ಹಕ್ಕಿಗೆ ಪುಟ್ ಎನ್ನುತ್ತಾರೆ, ಬಯಾನಾಕ್ಕೆ ಪ್ರೀಮಿಯಂ ಎನ್ನುತ್ತಾರೆ. ಹಕ್ಕನ್ನು ಕೊಂಡವನ ನಷ್ಟ ಪ್ರೀಮಿಯಂ ಇರುವಷ್ಟೇ. ಹಕ್ಕನ್ನು ಮಾರಿದವನಿಗೆ ಮಾತ್ರ ಅಂಥ ಮಿತಿ ಇಲ್ಲ. ದರ ಎಷ್ಟು ಏರಿದರೂ ಅವನು ಮಾತಿಗೆ ನಿಲ್ಲಬೇಕು.

ಬಟರ್‌ಫ್ಲೈ, ಅಂದರೆ ಪಾತರಗಿತ್ತಿ, ಇಂಥ ನಾಲ್ಕು ಕರಾರುಗಳನ್ನು ಹೆಣೆದು ಮಾಡಿದ ಕಟ್ಟು. ಶಾಲೆಯ ಹಲಗೆಯ ಮೇಲೆ ಬರೆಯುವಂತೆ ಒಂದು ಲೆಕ್ಕ ಇಟ್ಟುಕೊಳ್ಳೋಣ. ಷೇರಿನ ದರ ಇಂದು 2000 ರೂ. ಒಂದು ಲಾಟಿಗೆ 300 ಷೇರು. 1900 ರೂ. ದರದ ಒಂದು ಕಾಲ್ 150 ರೂಪಾಯಿಗೆ ಕೊಂಡೆವು. 2100 ರೂ. ದರದ ಒಂದು ಕಾಲ್ 52 ರೂಪಾಯಿಗೆ ಕೊಂಡೆವು. ನಡುವಿನ 2000 ರೂ. ದರದ ಎರಡು ಕಾಲ್‌ಗಳನ್ನು ತಲಾ 92 ರೂಪಾಯಿಗೆ ಮಾರಿದೆವು. ಕೊಟ್ಟದ್ದು 202, ಬಂದದ್ದು 184. ಕೈಯಿಂದ ಹೋದದ್ದು ಷೇರಿಗೆ 18 ರೂ., ಲಾಟಿಗೆ 5,400 ರೂ. ಕೊಂಡ ಎರಡು ಕಾಲ್‌ಗಳು ಎರಡು ರೆಕ್ಕೆ, ಮಾರಿದ ಎರಡು ನಡುವಿನ ಮೈ.

ವಾಯಿದೆಯ ದಿನ ಷೇರು ಸರಿಯಾಗಿ 2000ದಲ್ಲಿ ನಿಂತರೆ ಷೇರಿಗೆ 82 ರೂ., ಲಾಟಿಗೆ 24,600 ರೂ. ಲಾಭ. 2000ದಿಂದ ಅತ್ತಿತ್ತ ಸರಿದಷ್ಟೂ ಲಾಭ ಕರಗುತ್ತದೆ. 1918ಕ್ಕೆ ಇಳಿದರೆ ಅಥವಾ 2082ಕ್ಕೆ ಏರಿದರೆ ಲಾಭ ಸೊನ್ನೆ. 1900ರ ಕೆಳಗೆ ಅಥವಾ 2100ರ ಮೇಲೆ ಎಲ್ಲಿ ಹೋದರೂ 5,400 ರೂಪಾಯಿ ಪೂರ್ತಿ ಹೋಯಿತು. ಅಂದರೆ ಈ ಕಟ್ಟು ಹೇಳುವುದು ಇಷ್ಟೇ: ಒಂದು ಗೊತ್ತಾದ ದಿನ, ಒಂದು ಗೊತ್ತಾದ ದರದ ಹತ್ತಿರ, ನೂರಕ್ಕೆ ನಾಲ್ಕರಷ್ಟು ಸಹ ಆಚೀಚೆ ಸರಿಯದೆ ಷೇರು ನಿಂತಿರಬೇಕು. ಕುಣಿಯುವ ಷೇರಿನ ಮೇಲೆ, ಅದು ಕುಣಿಯುವುದಿಲ್ಲ ಎಂದು ಕಟ್ಟುವ ಪಣ ಇದು.

ವಾಡಿಯ ಸಿಮೆಂಟು, ಮುಂಬಯಿಯ ದರ

ಇದು ದೂರದ ಮಾತಲ್ಲ. ನಮ್ಮ ಕಣ್ಣೆದುರಿನ ಉದಾಹರಣೆಯನ್ನೇ ನೋಡಿ. 1936ರಲ್ಲಿ ಹತ್ತು ಸಿಮೆಂಟ್ ಕಂಪನಿಗಳು ಕೂಡಿ ಎ.ಸಿ.ಸಿ. ಆದಾಗ ಶಹಾಬಾದಿನ ಕಂಪನಿಯೂ ಅವುಗಳಲ್ಲಿ ಒಂದಾಗಿತ್ತು. ವಾಡಿಯ ದೊಡ್ಡ ಕಾರ್ಖಾನೆ ಅದೇ ಕಂಪನಿಯದು. 2022ರ ಸೆಪ್ಟೆಂಬರಿನಲ್ಲಿ ಅದು ಸ್ವಿಟ್ಜರ್ಲೆಂಡಿನ ಹೋಲ್ಸಿಮ್ ಕಂಪನಿಯ ಕೈಯಿಂದ ಅದಾನಿ ಗುಂಪಿನ ಕೈಗೆ ಬಂತು. 2023ರ ಜನವರಿ 24ರಂದು ಅಮೆರಿಕದ ಹಿಂಡೆನ್‌ಬರ್ಗ್ ಎಂಬ ಸಂಸ್ಥೆ ಆ ಗುಂಪಿನ ಮೇಲೆ ಆರೋಪಗಳ ವರದಿ ಹೊರಡಿಸಿತು. ಮರುದಿನ ಎ.ಸಿ.ಸಿ. ಷೇರು ಶೇಕಡಾ 7ರಷ್ಟು ಕುಸಿಯಿತು. ಗಣರಾಜ್ಯ ದಿನದ ರಜೆ ಕಳೆದು 27ರಂದು ಇನ್ನೂ ಶೇಕಡಾ 13ರಷ್ಟು ಬಿತ್ತು. ಎರಡೇ ವ್ಯವಹಾರದ ದಿನಗಳಲ್ಲಿ ಐದರಲ್ಲಿ ಸುಮಾರು ಒಂದು ಪಾಲು ಬೆಲೆ ಹೋಯಿತು. ಗುಂಪು ಆ ಆರೋಪಗಳನ್ನು ನಿರಾಕರಿಸಿತು. 2025ರ ಸೆಪ್ಟೆಂಬರಿನಲ್ಲಿ ಷೇರು ಪೇಟೆಯ ನಿಯಂತ್ರಣ ಮಂಡಳಿ ಸೆಬಿ ಕೆಲವು ಆರೋಪಗಳು ಸಿದ್ಧವಾಗಿಲ್ಲವೆಂದು ಆದೇಶ ಮಾಡಿತು. ಆ ವಿವಾದ ಇಲ್ಲಿ ನಮ್ಮ ವಿಷಯವಲ್ಲ.

ನಮ್ಮ ವಿಷಯ ಬೇರೆ. ಆ ಎರಡು ದಿನಗಳಲ್ಲಿ ವಾಡಿಯ ಸುಣ್ಣದ ಕಲ್ಲಿನಲ್ಲಿ ಸುಣ್ಣ ಕಡಿಮೆಯಾಯಿತೇ? ಚೀಲದ ತೂಕ 50 ಕಿಲೋದಿಂದ 40ಕ್ಕೆ ಇಳಿಯಿತೇ? ಪಾಳಿಯಲ್ಲಿ ನಿಂತ ಕಾರ್ಮಿಕನ ದುಡಿತದಲ್ಲಿ ಐದನೆಯ ಒಂದು ಪಾಲು ಸೋರಿಹೋಯಿತೇ? ಇಲ್ಲ. ಕಲ್ಲು, ಕುಲುಮೆ, ಕೆಲಸಗಾರ ಎಲ್ಲ ಇದ್ದಲ್ಲಿಯೇ ಇದ್ದರು. ಸಿಮೆಂಟನ್ನು ತನ್ನ ಕೈಯಿಂದಲೇ ಮಾಡುವವನಿಗೂ ಸಿಮೆಂಟಿನ ಷೇರು ನಾಳೆ ಎಲ್ಲಿ ನಿಲ್ಲುವುದೆಂದು ತಿಳಿಯುವ ಮಾರ್ಗವಿಲ್ಲ. ಆ ಷೇರಿನ ಮೇಲೆ ಆಗ ಆಪ್ಷನ್ ವ್ಯವಹಾರ ನಡೆಯುತ್ತಿತ್ತು. ವರದಿ ಬರುವ ಹಿಂದಿನ ದಿನ ನಮ್ಮ ಲೆಕ್ಕದಂಥ ಪಾತರಗಿತ್ತಿಯನ್ನು ಮುಂದಿನ ತಿಂಗಳ ವಾಯಿದೆಗೆ ಕಟ್ಟಿದವನ ಗತಿ ಏನು? ಮೂರು ದಿನ ಕಳೆಯುವುದರೊಳಗೆ ದರ ಅವನ ಕೆಳಗಿನ ರೆಕ್ಕೆಯನ್ನು ಎಷ್ಟೋ ದೂರ ದಾಟಿ ಹೋಗಿತ್ತು.

"ಗದ್ದಲ ಇದ್ದಾಗ ಪ್ರೀಮಿಯಂ ಉಬ್ಬಿರುತ್ತದೆ, ಗದ್ದಲ ಅಡಗಿದರೆ ಪಾತರಗಿತ್ತಿಗೆ ಲಾಭ" ಎಂದು ಬಲ್ಲವರು ವಾದಿಸುತ್ತಾರೆ. ಈ ವಾದದಲ್ಲಿ ಹುರುಳಿದೆ. ಆದರೆ ಗದ್ದಲ ಯಾವಾಗ ಅಡಗುವುದೆಂದು ಪಂಚಾಂಗದಲ್ಲಿ ಬರೆದಿರುವುದಿಲ್ಲ. ವಾಯಿದೆಯ ದಿನ ಮಾತ್ರ ಮೊದಲೇ ಬರೆದಿರುತ್ತದೆ.

ಅಗ್ಗದ ಮಾಲಿನ ನಿಜವಾದ ಬೆಲೆ

5,400 ಕೊಟ್ಟು 24,600 ಗಳಿಸಬಹುದಾದರೆ ಇಷ್ಟು ಅಗ್ಗಕ್ಕೆ ಮಾರುವವನು ಮೂರ್ಖನೇ? ವ್ಯಾಪಾರಿ ಬಂಧುಗಳು ಈ ಪ್ರಶ್ನೆಯನ್ನು ತಾವೇ ಕೇಳಿಕೊಳ್ಳಬೇಕು. ಪೇಟೆಯಲ್ಲಿ ಅಗ್ಗವಾಗಿರುವುದು ಸುಮ್ಮನೆ ಅಗ್ಗವಾಗಿರುವುದಿಲ್ಲ. ಗೆಲ್ಲುವ ಸಂಭವ ಕಡಿಮೆ ಎಂಬ ಕಾರಣಕ್ಕೇ ಈ ಕಟ್ಟು ಅಗ್ಗ. ಷೇರು ಹೆಚ್ಚು ಕುಣಿದಷ್ಟೂ ಅದು ನಡುವಿನಲ್ಲಿ ನಿಲ್ಲುವ ಸಂಭವ ಕಡಿಮೆ, ಆದ್ದರಿಂದ ಪಾತರಗಿತ್ತಿಯ ಬೆಲೆಯೂ ಕಡಿಮೆ. ಹತ್ತಾರು ಸಲ ಆಡಿದರೆ, ಬೆಲೆ ನ್ಯಾಯವಾಗಿದ್ದ ಪಕ್ಷದಲ್ಲಿ, ಸೋತದ್ದೂ ಗೆದ್ದದ್ದೂ ಹೆಚ್ಚು ಕಡಿಮೆ ಸರಿಹೋಗಬೇಕು. ಹಾಗಾದರೆ ಉಳಿಯುವುದೇನು? ಖರ್ಚು.

ಖರ್ಚಿನ ಲೆಕ್ಕ ನೋಡಿ. ಈ ಕಟ್ಟಿನಲ್ಲಿ ನಾಲ್ಕು ಕರಾರುಗಳಿವೆ. ಕೊಳ್ಳುವ ದರಕ್ಕೂ ಮಾರುವ ದರಕ್ಕೂ ಪೇಟೆಯಲ್ಲಿ ಯಾವಾಗಲೂ ಅಂತರ ಇರುತ್ತದೆ. ಒಂದೊಂದು ಕರಾರಿನಲ್ಲಿ ಹೋಗುವಾಗ ಒಂದು ರೂಪಾಯಿ, ಬರುವಾಗ ಒಂದು ರೂಪಾಯಿ ಆ ಅಂತರಕ್ಕೆ ಬಲಿಯಾಯಿತೆಂದರೂ ಒಟ್ಟು 8 ರೂ.; 300 ಷೇರಿಗೆ 2,400 ರೂ. ಇದರ ಮೇಲೆ ದಲ್ಲಾಳಿ ಕಂಪನಿಯ ದಸ್ತೂರಿ, ಪೇಟೆಯ ಶುಲ್ಕ, ಜಿ.ಎಸ್.ಟಿ., ಸರಕಾರದ ವ್ಯವಹಾರ ತೆರಿಗೆ. ಆಪ್ಷನ್ ಮಾರುವಾಗ ಪ್ರೀಮಿಯಂ ಮೇಲೆ ಹಾಕುವ ಈ ತೆರಿಗೆಯನ್ನು 2024ರ ಅಕ್ಟೋಬರಿನಲ್ಲಿ ಶೇಕಡಾ 0.0625ರಿಂದ 0.1ಕ್ಕೆ ಏರಿಸಿದರು. 5,400 ರೂಪಾಯಿಯ ಆಟದಲ್ಲಿ 2,400ಕ್ಕಿಂತ ಹೆಚ್ಚು ಖರ್ಚೇ ಆದರೆ, ಹತ್ತು ಸಲ ಆಡಿದವನು ಗೆಲುವು ಸೋಲು ಸರಿದೂಗಿದ ಮೇಲೂ ಇಪ್ಪತ್ತನಾಲ್ಕು ಸಾವಿರ ಕಳೆದುಕೊಂಡು ಕೂತಿರುತ್ತಾನೆ. ಕಿರಾಣಿ ಅಂಗಡಿಯವನು ಸಕ್ಕರೆಯ ಮೇಲೆ ಇಂಥ ಖರ್ಚು ಹಾಕಿ ವ್ಯಾಪಾರ ನಡೆಸಬಲ್ಲನೇ?

ಗೆದ್ದರೂ ಗಂಟು ಬೇಕು

ಮಾರಿದ ಕಾಲ್‌ಗಳಿಗೆ ಮಾರ್ಜಿನ್ ಎಂಬ ಠೇವಣಿ ಕಟ್ಟಬೇಕೆಂಬುದನ್ನು "ಹೋದರೆ ಐದು ಸಾವಿರ" ಎನ್ನುವವರು ಮೆಲ್ಲಗೆ ಹೇಳುತ್ತಾರೆ. ಇನ್ನೊಂದನ್ನು ಹೇಳುವುದೇ ಇಲ್ಲ. ಕಂಪನಿ ಷೇರುಗಳ ಆಪ್ಷನ್‌ಗಳನ್ನು 2018ರಿಂದ ಹಂತಹಂತವಾಗಿ, 2019ರ ಅಕ್ಟೋಬರಿನಿಂದ ಪೂರ್ತಿಯಾಗಿ, ಷೇರು ಕೊಟ್ಟು ಷೇರು ಪಡೆದೇ ಚುಕ್ತಾ ಮಾಡಬೇಕೆಂಬ ನಿಯಮ ಬಂದಿದೆ. ಬರೀ ವ್ಯತ್ಯಾಸದ ರೊಕ್ಕ ಎಣಿಸಿ ಮುಗಿಸುವಂತಿಲ್ಲ.

ವಾಯಿದೆಯ ದಿನ ನಮ್ಮ ಷೇರು 1980ರಲ್ಲಿ ನಿಂತಿತೆನ್ನಿ. ಕಾಗದದ ಮೇಲೆ 18,600 ರೂ. ಲಾಭ. ಆದರೆ 1900ರ ಹಕ್ಕಿನ ಪ್ರಕಾರ 300 ಷೇರುಗಳನ್ನು ಎತ್ತಬೇಕು. ಅದಕ್ಕೆ 5,70,000 ರೂ. ಬೇಕು! 2060ರಲ್ಲಿ ನಿಂತಿತೆನ್ನಿ. 1900ರ ಹಕ್ಕಿನಿಂದ 300 ಷೇರು ಬರುತ್ತವೆ. ಮಾರಿದ ಎರಡು ಕಾಲ್‌ಗಳಿಗೆ 600 ಷೇರು ಕೊಡಬೇಕು. ಉಳಿದ 300 ಷೇರು ಎಲ್ಲಿಂದ ತರುವುದು? ತರದಿದ್ದರೆ ಹರಾಜಿನಲ್ಲಿ ಕೊಂಡು ತುಂಬುತ್ತಾರೆ, ಹೆಚ್ಚಿನ ಬೆಲೆಯನ್ನೂ ದಂಡವನ್ನೂ ನಮ್ಮ ಲೆಕ್ಕಕ್ಕೆ ಬರೆಯುತ್ತಾರೆ. ವಿಚಿತ್ರ ನೋಡಿ: 2100ರ ಮೇಲೆ ಹೋಗಿ ಸೋತರೆ ಕೊಡುವುದು ತೆಗೆದುಕೊಳ್ಳುವುದು ತಾನಾಗಿಯೇ ಸರಿಹೋಗುತ್ತದೆ, 1900ರ ಕೆಳಗೆ ಸೋತರೆ ಕೊಡುವುದೂ ಇಲ್ಲ, ತೆಗೆದುಕೊಳ್ಳುವುದೂ ಇಲ್ಲ. ಗೆಲ್ಲುವ ಜಾಗದಲ್ಲಿಯೇ ಲಕ್ಷಗಳ ಗಂಟು ಬೇಕು.

ಆ ಗಂಟು ಇಲ್ಲದವನು ಏನು ಮಾಡಬೇಕು? ಕೊನೆಯ ದಿನಗಳಲ್ಲಿ ಠೇವಣಿ ಏರುತ್ತ ಹೋಗುವುದರಿಂದ ಮೊದಲೇ ಕಟ್ಟನ್ನು ಬಿಚ್ಚಿ ಹೊರಬರಬೇಕು. ಆದರೆ ಪಾತರಗಿತ್ತಿಯ ಲಾಭ ಹಣ್ಣಾಗುವುದು ಕೊನೆಯ ದಿನವೇ! ಹಣವಂತ ಕೊನೆಯವರೆಗೆ ಕಾಯಬಲ್ಲ, ಬಡವ ಕಾಯಲಾರ. ರಾಶಿ ಮಾಡಿದ ಮರುದಿನವೇ ತೊಗರಿ ಮಾರಬೇಕಾದ ರೈತನ ಕಥೆಯೂ ಇದೇ ತಾನೇ? ಇನ್ನು ಕೆಲವರು ಆಸೆಗೆ ಬಿದ್ದು, ಲಾಭ ಕಂಡ ಒಂದು ರೆಕ್ಕೆಯನ್ನು ಮಾತ್ರ ಮಾರಿಬಿಡುತ್ತಾರೆ. ಆ ಕ್ಷಣದಿಂದ ಮಾರಿದ ಕಾಲ್‌ಗೆ ರಕ್ಷಣೆ ತಪ್ಪಿತು. "ಸೀಮಿತ ನಷ್ಟ" ಎಂಬ ಮಾತು ಅಲ್ಲಿಗೆ ಮುಗಿಯಿತು.

ಹೋದ ರೊಕ್ಕ ಎಲ್ಲಿ ಹೋಯಿತು

ಆಪ್ಷನ್ ವ್ಯವಹಾರದಲ್ಲಿ ಹೊಸ ಸಂಪತ್ತು ಹುಟ್ಟುವುದಿಲ್ಲ. ಒಬ್ಬನ ಜೇಬಿನಿಂದ ಹೋದದ್ದು ಇನ್ನೊಬ್ಬನ ಜೇಬಿಗೆ ಬೀಳುತ್ತದೆ. ನಡುವೆ ದಸ್ತೂರಿ ಕಡಿತವಾಗುತ್ತದೆ. ಯಾರ ಜೇಬು ಎಂಬುದನ್ನು ಸೆಬಿಯೇ 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಅಧ್ಯಯನ ಹೇಳುತ್ತದೆ. 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ವಾಯಿದೆ ಮತ್ತು ಆಪ್ಷನ್ ವ್ಯವಹಾರ ಮಾಡಿದ ಬಿಡಿ ವ್ಯಕ್ತಿಗಳು ಒಂದು ಕೋಟಿಗೂ ಹೆಚ್ಚು. ಅವರಲ್ಲಿ ನೂರಕ್ಕೆ 93 ಮಂದಿ ನಷ್ಟ ಹೊಂದಿದರು. ತಲೆಗೆ ಸರಾಸರಿ ನಷ್ಟ ಸುಮಾರು 2 ಲಕ್ಷ ರೂ. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಮಿಕ್ಕಿತು. ಮೂರು ವರ್ಷದಲ್ಲಿ ಖರ್ಚು ಕಳೆದು ಒಂದು ಲಕ್ಷಕ್ಕಿಂತ ಹೆಚ್ಚು ಗಳಿಸಿದವರು ನೂರಕ್ಕೆ ಒಬ್ಬರು.

ಇನ್ನೂ ಕೇಳಿ. 2023-24ರಲ್ಲಿ ಖರ್ಚು ಹಿಡಿಯುವ ಮೊದಲೇ ಬಿಡಿ ಜನ ಮತ್ತು ಇತರ ಸಣ್ಣಪುಟ್ಟವರು ಸುಮಾರು 61,000 ಕೋಟಿ ಕಳೆದುಕೊಂಡರು. ಅದೇ ವರ್ಷ ತಮ್ಮ ಸ್ವಂತ ಬಂಡವಾಳದಿಂದ ಆಡುವ ದಲ್ಲಾಳಿ ಸಂಸ್ಥೆಗಳು 33,000 ಕೋಟಿ, ವಿದೇಶಿ ಹೂಡಿಕೆದಾರರು 28,000 ಕೋಟಿ ಗಳಿಸಿದರು. ಎರಡನ್ನೂ ಕೂಡಿಸಿ ನೋಡಿ! ಆ ಲಾಭದಲ್ಲಿ ನೂರಕ್ಕೆ 96-97 ಪಾಲು ಬಂದದ್ದು ಮನುಷ್ಯರ ಕೈಯಿಂದಲ್ಲ, ಕಣ್ಣು ಮಿಟುಕಿಸುವುದರೊಳಗೆ ಸಾವಿರ ಆದೇಶ ಹಾಕುವ ಯಂತ್ರಗಳಿಂದ. ನಷ್ಟ ಹೊಂದುವವರು ಯಾರು? ಬಿಡಿ ವ್ಯವಹಾರಸ್ಥರಲ್ಲಿ ನೂರಕ್ಕೆ 75ಕ್ಕೂ ಹೆಚ್ಚು ಮಂದಿ ವರ್ಷದ ಆದಾಯ 5 ಲಕ್ಷಕ್ಕಿಂತ ಕಡಿಮೆ ಎಂದು ಬರೆಸಿದವರು. ನೂರಕ್ಕೆ 72ಕ್ಕೂ ಹೆಚ್ಚು ಮಂದಿ ದೊಡ್ಡ ಮೂವತ್ತು ನಗರಗಳ ಆಚೆಯವರು, ಅಂದರೆ ನಮ್ಮಂಥ ಊರುಗಳವರು. 2024-25ರಲ್ಲಿ ನಿಯಮ ಬಿಗಿಯಾದ ಮೇಲೂ ನೂರಕ್ಕೆ 91 ಮಂದಿ ಸೋತರು. ಆ ಒಂದೇ ವರ್ಷದ ನಿವ್ವಳ ನಷ್ಟ 1,05,603 ಕೋಟಿ.

"ಕಲಿತು ಆಡಿದರೆ ಗೆಲ್ಲಬಹುದು" ಎಂದು ತರಗತಿ ನಡೆಸುವವರು ಹೇಳುತ್ತಾರೆ. ಕಲಿಕೆಯನ್ನು ಹೀಯಾಳಿಸುವವನು ನಾನಲ್ಲ. ಆದರೆ ಎಲ್ಲರೂ ಕಲಿತರೆ ಎಲ್ಲರೂ ಗೆಲ್ಲುವ ಪೇಟೆ ಇದಲ್ಲ. ಒಕ್ಕಲುತನ ಎಲ್ಲರೂ ಚೆನ್ನಾಗಿ ಕಲಿತರೆ ಬೆಳೆ ಹೆಚ್ಚುತ್ತದೆ. ಇಲ್ಲಿ ಎಲ್ಲರೂ ಕಲಿತರೂ ತಟ್ಟೆಯಲ್ಲಿ ಇರುವ ರೊಟ್ಟಿ ಅಷ್ಟೇ. ದೊಡ್ಡವರ ಬಲ ಎಷ್ಟೆಂಬುದಕ್ಕೆ ಒಂದೇ ನಿದರ್ಶನ: 2025ರ ಜುಲೈ 3ರಂದು ಸೆಬಿ ಅಮೆರಿಕದ ಜೇನ್ ಸ್ಟ್ರೀಟ್ ಸಂಸ್ಥೆಯ ಮೇಲೆ ಮಧ್ಯಂತರ ಆದೇಶ ಹೊರಡಿಸಿ, ಸೂಚ್ಯಂಕವನ್ನು ತಿರುಚಿ ಆಪ್ಷನ್‌ಗಳಲ್ಲಿ ಅಕ್ರಮ ಲಾಭ ಮಾಡಿತೆಂಬ ಆರೋಪದಲ್ಲಿ 4,843 ಕೋಟಿಗೂ ಹೆಚ್ಚು ಹಣವನ್ನು ಒತ್ತೆ ಇಡಿಸಿತು. ಸಂಸ್ಥೆ ಆರೋಪವನ್ನು ಒಪ್ಪಿಲ್ಲ. ತೀರ್ಪು ಏನೇ ಬರಲಿ, ಮೇಜಿನ ಆಚೆ ಬದಿಗೆ ಕುಳಿತವರ ಗಾತ್ರ ಎಷ್ಟೆಂದು ಇದರಿಂದ ತಿಳಿಯಬಹುದು. ಈಚೆ ಬದಿಗೆ ಕುಳಿತವನು ಗುತ್ತಿಗೆಯ ಕಾರ್ಮಿಕ.

ಮಟಕಾಕ್ಕೆ ಲಾಠಿ, ಇದಕ್ಕೆ ಪರವಾನಗಿ

ಆಪ್ಷನ್‌ಗೆ ಒಳ್ಳೆಯ ಉಪಯೋಗವೇ ಇಲ್ಲವೆಂದು ಹೇಳಿದರೆ ಅನ್ಯಾಯವಾದೀತು. ಮಾಲು ಇರುವವನಿಗೆ ದರ ಕುಸಿದೀತೆಂಬ ಭಯದಿಂದ ಅದು ವಿಮೆಯಾಗಬಲ್ಲದು. ಆದರೆ ಪಾತರಗಿತ್ತಿ ಯಾರ ಬೆಳೆಗೆ ವಿಮೆ? ಯಾರ ಅಂಗಡಿಗೆ ರಕ್ಷಣೆ? ಮಾಲೂ ಇಲ್ಲ, ಷೇರೂ ಇಲ್ಲ. ಬರೀ ಒಂದು ಅಂಕೆಯ ಮೇಲೆ ಕಣ್ಣು. ಇದಕ್ಕೂ ಓಪನ್-ಕ್ಲೋಸ್ ಬರೆಸುವುದಕ್ಕೂ ಬಡವನ ಮಟ್ಟಿಗೆ ಅಂತರ ಎಷ್ಟು?

ಸ್ವತಂತ್ರ ಭಾರತದ ಮೊದಲ ಶಾಸನಕಾರರಿಗೆ ಇದು ತಿಳಿದಿತ್ತು. 1952ರ ವಾಯಿದೆ ಕರಾರು ಕಾಯಿದೆ ಸರಕುಗಳ ಆಪ್ಷನ್ ಅನ್ನು ನಿಷೇಧಿಸಿತು. 1956ರ ಸೆಕ್ಯುರಿಟಿ ಕರಾರು ಕಾಯಿದೆಯ 20ನೆಯ ಕಲಮು ಷೇರುಗಳ ಆಪ್ಷನ್ ಅನ್ನು ನಿಷೇಧಿಸಿತು. ಆ 20ನೆಯ ಕಲಮನ್ನು 1995ರಲ್ಲಿ ತೆಗೆದುಹಾಕಿದರು. 2001ರ ಜುಲೈಯಲ್ಲಿ ಕಂಪನಿ ಷೇರುಗಳ ಆಪ್ಷನ್ ಶುರುವಾಯಿತು. 2007ರ ಜನವರಿಯಲ್ಲಿ ತೊಗರಿಯ ವಾಯಿದೆ ವ್ಯಾಪಾರವನ್ನು ನಿಲ್ಲಿಸಿದ ಸರಕಾರ, 2025ರ ಆಗಸ್ಟಿನಲ್ಲಿ ರೊಕ್ಕ ಹಚ್ಚಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆ ಮಾಡಿದ ಸರಕಾರ, ನೂರಕ್ಕೆ 91 ಮಂದಿ ಸೋಲುವ ಈ ವ್ಯವಹಾರದಿಂದ ತೆರಿಗೆ ಎತ್ತುತ್ತಿದೆ. ಮಟಕಾ ಚೀಟಿ ಬರೆಯುವವನಿಗೆ ಲಾಠಿ, ಕಂಪನಿಯ ಆ್ಯಪಿಗೆ ಪರವಾನಗಿ!

ಮಾಡಬೇಕಾದುದೇನು

ಕೆಟ್ಟ ಚಟ ಎಂದು ಬೈದು ಮುಗಿಸುವ ವಿಷಯ ಇದಲ್ಲ. ಪಗಾರದಲ್ಲಿ ತಿಂಗಳು ಸಾಗದವನು, ದೊಡ್ಡ ಅಂಗಡಿಗಳ ಪೈಪೋಟಿಯಲ್ಲಿ ಉದ್ರಿ ವಸೂಲಾಗದವನು, ಓದಿದ ಮಗನಿಗೆ ಕೆಲಸ ಸಿಗದವನು ಒಂದು ಕಿಂಡಿ ಕಂಡರೆ ಕೈ ಹಾಕುತ್ತಾನೆ. ಆ ಕಿಂಡಿಯ ಆಚೆ ಕಾದು ಕೂತವರನ್ನು ಹಿಡಿಯಬೇಕು.

ನಮ್ಮ ಒತ್ತಾಯಗಳು ಇವು. ದಲ್ಲಾಳಿ ಕಂಪನಿ ಪ್ರತಿಯೊಬ್ಬ ಗಿರಾಕಿಗೂ ಮೂರು ತಿಂಗಳಿಗೊಮ್ಮೆ, ಅವನ ಭಾಷೆಯಲ್ಲಿ, ಒಂದೇ ಹಾಳೆಯಲ್ಲಿ, ಹಾಕಿದ್ದು ಎಷ್ಟು, ಬಂದದ್ದು ಎಷ್ಟು, ದಸ್ತೂರಿ ಎಷ್ಟು ಎಂದು ಕೊಡಬೇಕು. ಬ್ಯಾಂಕಿನ ಲೆಕ್ಕಪಟ್ಟಿಯಂಥ ಒಂದು ಆದಾಯದ ಕಾಗದ ನೋಡಿ ಆಪ್ಷನ್ ಖಾತೆ ತೆರೆಯುವುದು ನಿಲ್ಲಬೇಕು. ಷೇರು ಎತ್ತುವ ಶಕ್ತಿ ಇಲ್ಲದವನಿಗೆ ಷೇರಿನ ಆಪ್ಷನ್ ಮಾರಿಸಬಾರದು. ಸೆಬಿಯಲ್ಲಿ ನೋಂದಣಿ ಇಲ್ಲದೆ ಸಲಹೆ ಮಾರುವವರ ಮೇಲೆ ಜಿಲ್ಲೆಯ ಮಟ್ಟದಲ್ಲಿಯೇ ದೂರು ತೆಗೆದುಕೊಳ್ಳುವ ವ್ಯವಸ್ಥೆ ಬೇಕು. ಪಾಠ ಹೇಳುವವರು ಕಳೆದ ಮೂರು ತಿಂಗಳ ದರಗಳನ್ನು ಬಳಸಕೂಡದೆಂದು 2025ರ ಜನವರಿಯಲ್ಲಿ ಸೆಬಿ ಸುತ್ತೋಲೆ ಕಳಿಸಿದೆ. ಅದು ನಮ್ಮ ಊರಿನ ಮೊಬೈಲುಗಳಲ್ಲಿ ಜಾರಿಗೆ ಬರಲಿ.

ನಮ್ಮ ಕೈಯಲ್ಲಿರುವ ಕೆಲಸವೂ ಉಂಟು. ಕಾರ್ಮಿಕ ಸಂಘಗಳು, ವ್ಯಾಪಾರಿ ಸಂಘಗಳು ತಿಂಗಳಿಗೊಂದು ಸಂಜೆ ಮೇಲಿನ ಲೆಕ್ಕವನ್ನು ಹಲಗೆಯ ಮೇಲೆ ಬರೆದು ತೋರಿಸಲಿ. ಕಾರ್ಖಾನೆಯ ಪತ್ತಿನ ಸಹಕಾರಿ ಸಂಘಗಳು ಸತ್ತಿರುವಲ್ಲಿ ಮತ್ತೆ ಜೀವ ತುಂಬೋಣ. ಅಡಚಣೆಗೆ ಸಾಲ ಸಿಕ್ಕರೆ ಆಟಕ್ಕೆ ಇಳಿಯುವವರು ಕಡಿಮೆಯಾಗುತ್ತಾರೆ. ಈಗಾಗಲೇ ಆಡುತ್ತಿರುವ ಬಂಧುಗಳಿಗೆ ಮೂರು ಮಾತು. ಸಾಲ ತಂದು ಒಂದು ಪೈಸೆಯನ್ನೂ ಹಾಕಬೇಡಿ. ರೆಕ್ಕೆ ಕಳಚಿ ಮೈಯನ್ನು ಬರಿದಾಗಿ ಬಿಡಬೇಡಿ. ಇಂದೇ ಒಂದು ವಹಿ ತೆಗೆದುಕೊಂಡು, ಮೊದಲ ದಿನದಿಂದ ಇಲ್ಲಿಯವರೆಗಿನ ಎಲ್ಲ ಆಟಗಳ ಜಮಾ-ಖರ್ಚನ್ನು ದಸ್ತೂರಿ ಸಹಿತ ಬರೆದು, ಮನೆಯವರ ಎದುರಿಗೆ ಓದಿ.

ಒಂದು ಆಟದ ನಷ್ಟಕ್ಕೆ ಮಿತಿ ಹಾಕುವ ಯುಕ್ತಿ ಅವರ ಬಳಿ ಇದೆ. ಪಗಾರಕ್ಕೆ ಕೆಳಗಿನ ಮಿತಿ, ಗುತ್ತಿಗೆಗೆ ಮೇಲಿನ ಮಿತಿ, ಸಾಹುಕಾರನ ಲಾಭಕ್ಕೆ ಮಿತಿ ಹಾಕುವ ಶಕ್ತಿ ಸಂಘಟನೆಗೆ ಮಾತ್ರ ಇದೆ. ಐದು ಸಾವಿರ ರೂಪಾಯಿ ಪಣಕ್ಕೆ ಇಡುವ ಧೈರ್ಯ ಇರುವವರು ಆ ಧೈರ್ಯವನ್ನು ಸಂಘದ ಸಭೆಗೆ ತರಲಿ. ಅಲ್ಲಿ ಒಬ್ಬ ಕಾರ್ಮಿಕನ ಗೆಲುವಿಗೆ ಇನ್ನೊಬ್ಬ ಕಾರ್ಮಿಕ ಸೋಲಬೇಕಾಗಿಲ್ಲ.